ದಾಳಿ ಅನ್ನಬಾರದಂತೆ

ಮನೆಯಿಂದ,
ಗುರುವಾರ ಸಂಜೆ

ಪ್ರೀತಿಯ ಅಣ್ಣಾ,

ನಿನ್ನ ಸೊಂಟದ ನೋವು ಹೇಗಿದೆ, ಕ್ವಾರ್ಟರ್ಸಿನಲ್ಲಿ ಊಟ ಸರಿಹೋಗುತ್ತದೆಯೇ ಎಂದು ಅಮ್ಮ ಕೇಳುತ್ತಿದ್ದಾಳೆ. ನಾನಾಗಿದ್ದರೆ ಕೇಳುತ್ತಿರಲಿಲ್ಲ. ಇಲ್ಲಿ ಎಲ್ಲರೂ ಆರೋಗ್ಯ, ಅಪ್ಪನ ಇಸ್ತ್ರಿ ಗಾಡಿಯೊಂದನ್ನು ಬಿಟ್ಟು. ಅದು ಮೊನ್ನೆಯಿಂದ ನಿಮ್ಮ ನಗರಸಭೆಯ ಅಂಗಳದಲ್ಲಿ ಬಿದ್ದಿದೆ.

ಮೊನ್ನೆ ಬೆಳಿಗ್ಗೆ ನಿಮ್ಮ ಲಾರಿ ಬಂದಾಗ ಅಪ್ಪ ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಿದ್ದ. ಕೆಂಡವನ್ನು ಚರಂಡಿಗೆ ಸುರಿದು, ಜನರ ಬಟ್ಟೆಯ ಸಮೇತ ಗಾಡಿಯನ್ನು ಎತ್ತಿಹಾಕಿಕೊಂಡು ಹೋದರು. ನೀನು ಲಾರಿಯ ಆಚೆ ಬದಿಗೆ ಬೆನ್ನು ತಿರುಗಿಸಿ ನಿಂತಿದ್ದೆ. ನಾನು ನೋಡಿದೆ. "ಅದು ಅವನಲ್ಲ ಕಣೇ, ಅವನ ಬೆನ್ನು ಅಷ್ಟು ಅಗಲ ಇಲ್ಲ" ಎಂದು ಅಪ್ಪನ ವಾದ. ವಾರವಾರ ನಿನ್ನ ಅಂಗಿ ಉಜ್ಜುವವನಿಗೆ ನಿನ್ನ ಬೆನ್ನಿನ ಅಗಲ ಗೊತ್ತಿಲ್ಲವೇ?

ಅಂದೇ ಕರಪತ್ರ ಬರೆಯಲು ಕೂತೆ. ‘ದುಡಿಯುವವರ ಅನ್ನದ ಮೇಲೆ ದಾಳಿ’ ಎಂದು ತಲೆಬರಹ ಕೊಟ್ಟೆ. ನಿಮ್ಮ ನೋಟೀಸಿನಲ್ಲಿ ಅದು ‘ತೆರವು ಕಾರ್ಯಾಚರಣೆ’, ಕಸ ಗುಡಿಸಿದ ಹಾಗೆ. ಅಮ್ಮನದು ಇನ್ನೊಂದು ತಕರಾರು: "ಬಿಸ್ಕತ್ ಡಬ್ಬಿ ಮೇಲೆ ನೀವಿಬ್ರು ಮಾಡ್ತಿದ್ರಲ್ಲ, ಅದು ದಾಳಿ. ಆ ಮಾತು ಇದಕ್ಯಾಕೆ?" ಅಪ್ಪನಂತೂ ಪೆನ್ನನ್ನೇ ಕಿತ್ತುಕೊಂಡ. "ದಾಳಿ ಅಂದ್ರೆ ಶತ್ರುಗಳು ಮಾಡೋದು. ಇವ್ರು ಬಂದ್ರು, ತಗೊಂಡ್ರು, ಹೋದ್ರು. ಅಷ್ಟೇ ಬರಿ." ಸೈನ್ಯವಿರಲಿ, ಡಕಾಯಿತರಿರಲಿ, ಮಿಡತೆಗಳೇ ಇರಲಿ, ಹೇಳದೆ ಬಂದು ಇದ್ದದ್ದನ್ನು ಹೊತ್ತುಕೊಂಡು ಹೋಗುವುದಕ್ಕೆಲ್ಲ ಅದೇ ಹೆಸರು, ಇಲ್ಲಿ ಅದರಲ್ಲಿ ಏನು ಕಡಿಮೆಯಾಯಿತು ಎಂದು ಕೇಳಿದೆ. "ಮಗ ಹೋದ ಕಡೆ ದಾಳಿ ಅನ್ನಬಾರ್ದು" ಎಂದ. ಹೇಳಿದ ಮೇಲೆ ತಾನೇ ಬೆಚ್ಚಿ, ನೀರು ಕುಡಿಯಲು ಎದ್ದುಹೋದ. ಅಂದರೆ ಬೆನ್ನು ಯಾರದೆಂದು ಅವನಿಗೂ ಗೊತ್ತು.

ಇಂಥವರನ್ನು ಮನೆಯಲ್ಲಿಟ್ಟುಕೊಂಡು ನಾನು ಯಾವ ಕ್ರಾಂತಿ ಮಾಡಲಿ, ನೀನೇ ಹೇಳು. ಅವನಿಗೆ ಗಾಡಿಯ ಚಿಂತೆಯೇ ಇಲ್ಲ. ನೀನು ನಿಮ್ಮ ಆಫೀಸಿನ ಡ್ರೈವರ್ ಕೈಯಲ್ಲಿ ಇಸ್ತ್ರಿಗೆ ಕಳಿಸಿದ್ದ ಸಮವಸ್ತ್ರವೂ ಗಾಡಿಯ ಬಟ್ಟೆ ರಾಶಿಯಲ್ಲಿದೆ. ಎಂದಿನಂತೆ ಎಲ್ಲಕ್ಕಿಂತ ಮೊದಲು ಅದನ್ನೇ ಉಜ್ಜಿ, ಕಾಲರ್ ಮುದುಡದ ಹಾಗೆ ಮೇಲಿಟ್ಟಿದ್ದನಂತೆ. "ಮಡಿಕೆ ಕೆಟ್ಟಿರುತ್ತೆ, ಪಾಪ, ಡ್ಯೂಟಿಗೆ ಏನು ಹಾಕ್ಕೊಂಡು ಹೋಗ್ತಾನೋ" ಎಂದು ಎರಡು ದಿನದಿಂದ ಅದೇ ರಾಗ. ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ. ಕರಪತ್ರದ ತಲೆಬರಹ ಮಾತ್ರ ಹಾಗೇ ಇದೆ, ತೆಗೆದಿಲ್ಲ.

ಅಮ್ಮನ ಆಶೀರ್ವಾದ. ಅಪ್ಪನದು ಎರಡು ಪಾಲು. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ನಿನ್ನ ತಂಗಿ

ತಾ.ಕ.: ಸೋಮವಾರ ಬೆಳಿಗ್ಗೆ ಗಾಡಿ ಬಿಡಿಸಿಕೊಳ್ಳಲು ಅಪ್ಪ, ನಾನು ನಿಮ್ಮ ಕಚೇರಿಗೆ ಬರುತ್ತೇವೆ. "ಅವನು ಕಂಡ್ರೆ ಅಣ್ಣ ಅನ್ಬೇಡ, ಸಾರ್ ಅನ್ನು, ಅವನ ಕೆಲಸಕ್ಕೆ ತೊಂದ್ರೆ ಆದೀತು" ಎಂದು ಅಪ್ಪನಿಂದ ನನಗೆ ಪಾಠ ಆಗಿದೆ. ಈಗ ಬಚ್ಚಲಲ್ಲಿ ಮುಖ ತೊಳೆಯುತ್ತಾ ತಾನೂ ‘ಸಾರ್, ಸಾರ್’ ಎಂದು ಅಭ್ಯಾಸ ಮಾಡುತ್ತಿದ್ದಾನೆ, ಇಲ್ಲಿಗೆ ಕೇಳಿಸುತ್ತಿದೆ. ಅಣ್ಣಾ, ಅವನು ಬಾಯಿ ತೆರೆಯುವ ಮೊದಲು ನೀನೇ ‘ಅಪ್ಪಾ’ ಎಂದು ಕರೆದುಬಿಡು.