ಅಕ್ಕ ನುಡಿದ ಸಾಕ್ಷಿ

ಭೋಸರಿ, ಪುಣೆ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಅಮರ ಮಾಡುವ ನಮಸ್ಕಾರ. ನೀನು ಹುಷಾರಾಗಿದ್ದೀಯಾ? ಮಾಮಾ ಅವರ ಕಾಲು ಚಳಿಗೆ ಮತ್ತೆ ನೋಯುತ್ತಿದೆಯೇ? ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು, ಅವರಾಗಿಯೇ ಮಾಡಿಕೊಳ್ಳುವವರಲ್ಲ. ಮಾಧುರಿಯ ಕೂಸು ಹೆಜ್ಜೆ ಇಡುತ್ತಿದೆಯೇ? ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ನೀತಾ ಕ್ಷೇಮವಾಗಿದ್ದಾಳೆ. ನಾನು ಇಲ್ಲ. ಕೈಯಲ್ಲಿ ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನೀನು ಒಂದು ಸಲ ಅಳುತ್ತ ಮೂಗು ಏರಿಸಿದರೆ ಸಾಕು, ನನ್ನದೇ ತಪ್ಪು ಎಂದು ಒಪ್ಪಿಕೊಂಡುಬಿಡುತ್ತೇನೆ. ಚಿಕ್ಕಂದಿನಿಂದ ಹಾಗೆಯೇ ನಡೆದು ಬಂದಿದೆ. ಅದಕ್ಕೇ ಫೋನು ಪಕ್ಕಕ್ಕಿಟ್ಟು ಬರೆಯಲು ಕೂತಿದ್ದೇನೆ.

ಶ್ಯಾಮಶೇಠರ ಟ್ರಾನ್ಸ್‌ಪೋರ್ಟಿನಲ್ಲಿ ಚೆನ್ನೈಗೆ ಹೋಗಿಬರುವ ದೊಡ್ಡ ಲಾರಿಗೆ ಹೊಸ ಡ್ರೈವರ್ ಬೇಕು ಎಂದು ಗೊತ್ತಾದಾಗ ಮೊದಲು ಹೇಳಿದ್ದು ನಿನಗೆ. ಹೆವಿ ಲೈಸೆನ್ಸ್ ತೆಗೆಸಿಟ್ಟುಕೊಂಡು ಎಷ್ಟು ಕಾಲ ಕಾದಿದ್ದೇನೆ ಎನ್ನುವುದು ನಿನಗೆ ಗೊತ್ತಿರುವಷ್ಟು ಕೈಹಿಡಿದ ನೀತಾಳಿಗೂ ಗೊತ್ತಿಲ್ಲ. ಶೇಠರು ತಳೇಗಾಂವದವರೆಗೆ ಗಾಡಿ ಓಡಿಸಲು ಹೇಳಿ ಪಕ್ಕದಲ್ಲೇ ಕೂತು ಬಂದರು. 'ಕೈ ಛಲೋ ಅದ' ಎಂದರು. ಆಮೇಲೆ ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದೆ ಎಂದು ಕೇಳಿದರು, ಅಲ್ಲೇ ನನ್ನ ಬಂಡಿ ಹೂತುಕೊಂಡಿತು. ಕುರಕುಂಭದಲ್ಲಿ ಟ್ಯಾಂಕರ್, ಆಮೇಲೆ ಖಾಲಿ. ಭೋಸರಿಯಲ್ಲಿ ಟೆಂಪೋ, ಮತ್ತೆ ಖಾಲಿ. ಶಾಲೆಯ ಬಸ್ಸು, ಮತ್ತೂ ಖಾಲಿ. ಯಾಕೆ ಬಿಟ್ಟೆ ಎಂದರೆ ಮನೆಯ ತೊಂದರೆ ಎಂದೆ. 'ಎಲ್ಲಾ ಡ್ರೈವರ್‌ಗೋಳೂ ಇದನ್ನ ಹೇಳ್ತಾರ, ಕೊನಿಗೆ ಬಾಟ್ಲಿ ಹೊರಗ ಬರತದ' ಎಂದರು. ನಮ್ಮ ಧಂದೆಯಲ್ಲಿ ಕಾಗದಪತ್ರಕ್ಕಿಂತ ಮಾತು ದೊಡ್ಡದು. ಬಲ್ಲವರೊಬ್ಬರು 'ಇವ ನಂಬಿಗಸ್ತ' ಎಂದು ಬಾಯಿಬಿಟ್ಟು ಹೇಳಿದರೇ ಕೈಗೆ ಚಾವಿ. 'ನನ್ನ ನಂಬರ ಕೊಡೋ, ನಾ ಹೇಳ್ತೀನಿ' ಎಂದವಳು ನೀನೇ.

ಆ ಖಾಲಿ ತಿಂಗಳುಗಳು ಎಲ್ಲಿ ಹೋದವು ಎಂದು ನಿನಗಿಂತ ಚೆನ್ನಾಗಿ ಯಾರು ಬಲ್ಲರು? ಟ್ಯಾಂಕರ್ ಬಿಟ್ಟದ್ದು ಮಾಮಾ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡಾಗ. ನಿನ್ನ ಗಂಡನನ್ನು ಬೆನ್ನಿಗೆ ಹಾಕಿಕೊಂಡು ಬಚ್ಚಲಿಗೆ ಒಯ್ದವನು ನಾನು. ಟೆಂಪೋ ಬಿಟ್ಟದ್ದು ನಿನ್ನ ಮಗಳ ಹೆರಿಗೆಗೆ, ಆಸ್ಪತ್ರೆಗೂ ಮನೆಗೂ ಓಡಾಡುವವರು ಬೇಕು ಎಂದು ನೀನು ಕರೆದೆ. ಬಸ್ಸು ಬಿಟ್ಟದ್ದು ಅಥಣಿಯಲ್ಲಿ ನಿನ್ನ ಹೊಸ ಮನೆ ಏಳುವಾಗ, ಗೌಂಡಿಗಳ ಮೇಲೆ ಕಣ್ಣಿಡಲು. ಬರುವುದು ನನಗೆ ಭಾರವಾಗಿರಲಿಲ್ಲ, ಅಕ್ಕಾ. ಅವ್ವ ಹೋದ ಮೇಲೆ ನನ್ನ ಊಟ ಬಟ್ಟೆ ನೋಡಿಕೊಂಡವಳು ನೀನು. ಅದನ್ನು ಮರೆತು ಬರೆಯುತ್ತಿಲ್ಲ.

ಶೇಠರು ನನ್ನ ಎದುರಿಗೇ ನಿನಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ತುಟಿಪಿಟಕ್ ಅನ್ನಬೇಡ ಎಂದು ನನಗೆ ಬೆರಳಿನಲ್ಲಿ ಸನ್ನೆ ಮಾಡಿದರು. ಎಲ್ಲ ಹೊಸ ಡ್ರೈವರ್‌ಗಳಿಗೂ ಅವರದು ಇದೇ ಪದ್ಧತಿಯಂತೆ. ನೀನು ಮೊದಲು ಚೆನ್ನಾಗಿಯೇ ಹೇಳಿದೆ: ಕುಡಿಯೂದಿಲ್ರಿ, ಸುಳ್ಳ ಹೇಳೂದಿಲ್ರಿ. ನಾನು ಎದೆ ಸೆಟೆಸಿ ಕೂತೆ. ಅಷ್ಟರಲ್ಲಿ ನೀನು ಅವರ ಮಾತಿನ ಧಾಟಿ ಹಿಡಿದು 'ನೀವು ಯಾವೂರವ್ರಿ?' ಎಂದೆ. ಜಮಖಂಡಿ ಎಂದರು. ಮುಗಿಯಿತು! ನಮ್ಮ ಕಡೆಯವರು ಎಂದು ಗೊತ್ತಾದ ಮೇಲೆ ನಿನ್ನ ಬಾಯಿಗೆ ಬಾಗಿಲು ಎಲ್ಲಿದೆ? ಅವರ ಮನೆತನ ವಿಚಾರಿಸಿದೆ, ನಿನ್ನ ಅತ್ತೆಯ ತವರು ಹೇಳಿದೆ, ಎಲ್ಲೋ ಒಂದು ಬೀಗತನವನ್ನೂ ಹುಡುಕಿ ತೆಗೆದೆ. ಆಮೇಲೆ ದನಿ ತಗ್ಗಿಸಿ, ಒಡಹುಟ್ಟಿದವರಿಗೆ ಹೇಳುವಂತೆ ಹೇಳಿದೆ. 'ಅಣ್ಣಾರ, ನಿಮ್ಮ ಮುಂದ ಏನ ಮುಚ್ಚಿಡ್ಲಿ? ಅವ ಒಂದ ಕಡೆ ನಿಲ್ಲಾಂವಲ್ರಿ. ನಡುವ ಬಿಟ್ಟ ಬರ್ತಾನ. ದೂರದ ಗಾಡಿಗೆ ಹಾಕಬ್ಯಾಡ್ರಿ. ನಾವು ಕರದಾಗ ಓಡಿ ಬರಾಂವ ಅವ ಒಬ್ಬನ ಅದಾನ್ರಿ.'

ಬೇರೆ ಯಾರಾದರೂ ಹೇಳಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ನಿನ್ನ ದನಿ ಕೇಳಿ ತಲೆ ತಗ್ಗಿಸಿದೆ, ಶೇಠರು ಚಾವಿ ಕೊಡದೆ ಕಳಿಸಿದರು. ನಂಬಿದ ಎಮ್ಮೆ ಕೋಣ ಹಾಕಿತು ಎನ್ನುತ್ತಾರೆ, ಆದರೆ ಪಾಪ, ಆ ಎಮ್ಮೆ ಬೇಕೆಂದು ಹಾಕಿದ್ದಲ್ಲ. ನೀನು ಬೇಕೆಂದೇ ಹೇಳಿದೆ. ಮೋಸ ಮಾಡಿದೆ, ಅಕ್ಕಾ. ನಿನಗಾಗಿ ಬಿಟ್ಟುಬಂದ ಕೆಲಸಗಳನ್ನೇ ಹಿಡಿದು ನನ್ನ ಮೇಲೆ ಸಾಕ್ಷಿ ನುಡಿದೆ. ಸಂಜೆ ನೀನಾಗಿಯೇ ಫೋನು ಮಾಡಿ 'ಭಾಳ ಛಲೋ ಹೇಳೀನೋ' ಎಂದೆಯಲ್ಲ, ಅದಂತೂ ಎಲ್ಲಕ್ಕಿಂತ ಹೆಚ್ಚು ಉರಿಯಿತು. ನಾನು 'ಹೂಂ' ಎಂದು ಫೋನಿಟ್ಟೆ.

ನೀತಾ ಸುಮ್ಮನಿರಲಿಲ್ಲ. 'ನಿಮ್ಮ ಬಾಯಿಗೇನ ಕೀಲಿ ಹಾಕಿದ್ರೇನ್ರಿ? ಹೋಗಿ ಖರೇ ಹೇಳ್ರಿ' ಎಂದು ಗದರಿಸಿ ಮರುದಿನ ಮತ್ತೆ ಕಳಿಸಿದಳು. ನಾಚಿಕೆ ಬಿಟ್ಟು ಹೋದೆ. ಮಾಮಾನ ಕಾಲು, ಮಾಧುರಿಯ ಹೆರಿಗೆ, ನಿನ್ನ ಮನೆ, ಎಲ್ಲವನ್ನೂ ಹೇಳಿದೆ. ಶೇಠರು ಕೇಳಿ ನಕ್ಕರು. 'ಕುಡುಕ ಆಗಿದ್ರ ಛಲೋ ಇತ್ತಲೇ, ಬಿಡಿಸಬಹುದಿತ್ತು. ನಿಂದು ಅಕ್ಕನ ಮನೀ ಚಟ' ಎಂದರು. ಕೆಲಸ ಕೊಟ್ಟಿದ್ದಾರೆ. ಒಂದೇ ಶರತ್ತು: ವರ್ಷ ತುಂಬುವತನಕ ಮನೆಯವರು ಕರೆದರೆಂದು ಗಾಡಿ ಬಿಟ್ಟು ಹೋದರೆ ಮತ್ತೆ ಅವರ ಬಾಗಿಲಿಗೆ ಹೋಗುವಂತಿಲ್ಲ. ಸ್ಟೇರಿಂಗ್ ಮುಟ್ಟಿ ಆಣೆ ಮಾಡಿದ್ದೇನೆ. ಬುಧವಾರ ಸಂಜೆ ಚೆನ್ನೈಗೆ ಮೊದಲ ಫೇರಿ.

ಸಿಟ್ಟು ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಮಾಮಾ ಅವರಿಗೆ ನಮಸ್ಕಾರ, ಮಾಧುರಿಗೆ ಆಶೀರ್ವಾದ, ಕೂಸಿಗೆ ಮುದ್ದು. ನಿನ್ನ ಕಾಲಿಗೆ ಬೀಳುವ ರೂಢಿಯನ್ನು ತಪ್ಪಿಸಲಾರೆ, ಬಿದ್ದೆ ಎಂದು ತಿಳಿದುಕೋ.

ನಿನ್ನ ತಮ್ಮ
ಅಮರ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಮಾಮಾ ಫೋನು ಮಾಡಿದರು, ನಿನಗೆ ಗೊತ್ತಾಗದಂತೆ. ಗುರುವಾರ ಮೀರಜಿನಲ್ಲಿ ನಿನ್ನ ಗರ್ಭಚೀಲದ ಆಪರೇಷನ್ ಅಂತೆ. ದೀಪಾವಳಿಗೆ ಮೊದಲೇ ಡಾಕ್ಟರು ಹೇಳಿದ್ದರಂತೆ, ಅಮರ ಬಂದು ಪಕ್ಕದಲ್ಲಿ ಕೂತರೇ ಮಾಡಿಸಿಕೊಳ್ಳುತ್ತೇನೆ ಎಂದು ನೀನು ಹಟ ಹಿಡಿದಿದ್ದೆಯಂತೆ, ಇನ್ನು ಮುಂದೂಡುವಂತಿಲ್ಲವಂತೆ. ಅಂಜಿಕೆಯಾಗಿದೆ ಎಂದು ನನಗೆ ಹೇಳಬಾರದಿತ್ತೇ? ಶೇಠರಿಗೆ ಯಾಕೆ ಹಾಗೆ ಹೇಳಿದೆ? ನೀತಾ ನಾಳೆಯೇ ಬಸ್ಸು ಹತ್ತುತ್ತಾಳೆ, ಈ ಕಾಗದ ಅವಳ ಕೈಯಲ್ಲೇ ಇರುತ್ತದೆ. ನಿನಗೆ ಎಚ್ಚರ ಬಂದ ಮೇಲೆ ಕೊಡು ಎಂದಿದ್ದೇನೆ. ಗುರುವಾರ ನಸುಕಿಗೆ ನಾನು ಕೊಲ್ಹಾಪುರ ದಾಟುತ್ತೇನೆ. ಅಲ್ಲಿಂದ ಮೀರಜ್ ಒಂದು ತಾಸಿನ ದಾರಿ. ಗಾಡಿ ತಿರುಗಿಸುವುದಿಲ್ಲ, ಅಕ್ಕಾ.