ವ್ರತಸ್ಥ ಪಿಶಾಚಿ

೩ ಜೂನ್ ೨೦೨೪, ಸೋಮವಾರ. ದಾದರ್, ಊಟದ ಬಿಡುವು.
ಮಾಟುಂಗದ ನಮ್ಮ ಓದುಗರ ಕೂಟಕ್ಕೆ ಈ ತಿಂಗಳು ಅನುವಾದಿತ ಕಾದಂಬರಿ. ಶಾಲೆಯ ಹುಡುಗಿ, ರಕ್ತ ಕುಡಿಯುವ ಹುಡುಗ, ಪ್ರೇಮ. ಮಾತನಾಡುವ ಸರದಿ ನನ್ನದು. ಹುಡುಗನ ಬೆರಳು ಹಿಮದಂತೆ ಎಂದು ಪುಟಪುಟಕ್ಕೂ ಬರುತ್ತದೆ. ಮೂಲದ ದೋಷವೋ ಅನುವಾದದ್ದೋ...

ನನ್ನನ್ನು ಮದುವೆಗೆ ಕೇಳಿರುವ ಚಿನ್ಮಯ್ ಅವರಿಗೆ ಇಪ್ಪತ್ಮೂರಕ್ಕೆ ಉತ್ತರ ಹೇಳಬೇಕು. ಅತ್ತಿಗೆ ನಿಶ್ಚಿತಾರ್ಥಕ್ಕೆ ಹಾಲ್ ಕೂಡ ವಿಚಾರಿಸಿದ್ದಾರೆ. ಒಳ್ಳೆಯವರು. ಒಳ್ಳೆಯವರೇ.

೫ ಜೂನ್, ಬುಧವಾರ. ಘಾಟ್ಕೋಪರ್, ಮನೆ.
ಮುನ್ನುಡಿ ಕೊನೆಯಲ್ಲಿ ಓದುವುದು ನನ್ನ ಪದ್ಧತಿ. ಇಂದು ಮುರಿದೆ. ಲೇಖಕಿ ಮಾರ್ಮನ್ ಪಂಥದವರು. ಮದ್ಯವಿಲ್ಲ, ತಂಬಾಕಿಲ್ಲ, ಚಹಾ-ಕಾಫಿಯೂ ಇಲ್ಲ. ಮದುವೆಗೆ ಮುಂಚೆ ಸಂಯಮ. ಅವರ ಮಂದಿರದಲ್ಲಿ ನಡೆದ ಮದುವೆ ಸಾವಿನಾಚೆಗೂ ಉಳಿಯುತ್ತದೆ ಎಂಬ ನಂಬಿಕೆ. ಎಲ್ಲ ಅರ್ಥವಾಯಿತು. ಹುಡುಗ ಮನುಷ್ಯರ ರಕ್ತ ಬಿಟ್ಟಿದ್ದಾನೆ, ಪ್ರಾಣಿಗಳದಷ್ಟೇ. ತಾಳಿ ಕಟ್ಟದೆ ಮುಟ್ಟುವುದಿಲ್ಲ. ಮುಗಿಯದ ಸಂಸಾರ ಬೇಕು. ಪಿಶಾಚಿಯಲ್ಲ, ವ್ರತಸ್ಥ.

ಅಡುಗೆಮನೆಯಲ್ಲಿ ಕಥೆ ಹೇಳಿದೆ. ರಮಾಮಣಿ ಅತ್ತಿಗೆ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಿದರು.
“ಕುಡಿಯಲ್ಲ, ಸೇದಲ್ಲ, ಮದುವೆಗೆ ಮುಂಚೆ ಕೈ ಹಿಡಿಯಲ್ಲ. ಸ್ವಂತ ಮನೆ. ಇನ್ನೇನ್ ಬೇಕೇ?”
“ಅತ್ತಿಗೆ, ರಕ್ತ ಕುಡೀತಾನೆ.”
“ಕುರೀದು ತಾನೆ ಅಂದೆ? ಹೊರಗಡೆ ಕುಡ್ಕೊಂಡ್ ಬರ್ತಾನೆ, ಬಿಡು. ನಮ್ಮ ಚಿನ್ಮಯ್ ಥರಾನೇ ಕಣೆ!”
ಹೊಗಳಿಕೆಯೇ.

೯ ಜೂನ್, ಭಾನುವಾರ.
ಚಿನ್ಮಯ್ ಜೊತೆ ಮಾಟುಂಗದ ಉಡುಪಿ ಹೋಟೆಲು. ಅವರು ಕಾಫಿ, ಟೀ ಮುಟ್ಟುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ವೇಟರ್‌ಗೆ, “ಇವ್ರಿಗೂ ಬಿಸಿನೀರು.”
“ನಂಗೆ ಕಾಫಿ...”
“ಆಸಿಡಿಟಿ ಆಗತ್ತೆ ಸಾಧನಾ. ನಿಮ್ಮ ಒಳ್ಳೇದಕ್ಕೇ.”
ಬಿಸಿನೀರು ಕುಡಿದೆ. ಪಕ್ಕದ ಟೇಬಲ್ಲಿನ ಕಾಫಿ ಡಬರಿಯಿಂದ ಹಬೆ ಏಳುತ್ತಿತ್ತು. ಫೋನಿನಲ್ಲಿ ಲೈವ್ ಲೊಕೇಶನ್ ಹಾಕಿಸಿದರು—“ಮುಂಬೈ ಅಲ್ವಾ?” ನನ್ನ ಅಭಿರುಚಿ ತಿಳಿಯಬೇಕೆಂದು ಕೂಟದ ಪುಸ್ತಕ ಕೇಳಿ ಒಯ್ದರು.

೧೩ ಜೂನ್, ಗುರುವಾರ.
ಸಂಜೆ ದಾದರ್ ಮಾರ್ಕೆಟಿನಲ್ಲಿ ಕರಿಬೇವು ಆರಿಸುತ್ತಿದ್ದೆ. ಹಿಂದೆ ಚಿನ್ಮಯ್.
“ಮ್ಯಾಪಲ್ಲಿ ನಿಮ್ಮ ಡಾಟ್ ಅಲ್ಲಾಡ್ತಾನೇ ಇರ್ಲಿಲ್ಲ. ಗಾಬರಿ ಆಯ್ತು.”
ಲೋಕಲ್‌ನ ಲೇಡೀಸ್ ಡಬ್ಬಿ ಹತ್ತಿದೆ. ಅವರು ಪಕ್ಕದ ಡಬ್ಬಿ ಹತ್ತಿ, ನಡುವಿನ ಜಾಲರಿಯ ಆಚೆಯಿಂದ ಘಾಟ್ಕೋಪರ್‌ವರೆಗೂ ನೋಡುತ್ತಾ ನಿಂತರು. ಕೈಯಲ್ಲಿ ನನ್ನ ಕರಿಬೇವು.
ಪಕ್ಕದಲ್ಲಿದ್ದವಳು ಕೇಳಿದಳು, “ದೀದಿ, ವೋ ಆಪ್‌ಕೇ ಸಾಥ್ ಹೈ?”
“ಪತಾ ನಹೀಂ,” ಎಂದೆ. ಗೊತ್ತಿಲ್ಲ. ಇಡೀ ದಿನದಲ್ಲಿ ನಾನಾಡಿದ ಅತಿ ಖಚಿತವಾದ ಮಾತು.

ಮನೆಯಲ್ಲಿ ಧಾತ್ರಿ, ಅತ್ತಿಗೆಯ ಮಗಳು, ಹತ್ತನೇ ಕ್ಲಾಸು, ಎಲ್ಲ ಕೇಳಿಸಿಕೊಂಡು: “ಅತ್ತೆ, ಸೀರಿಯಸ್‌ಲೀ? ಪೂರಾ ರೆಡ್ ಫ್ಲ್ಯಾಗ್ ಹೈ.”
“ಯಾರು, ಪುಸ್ತಕದವನಾ?”
“ದೋನೋ. ಇಬ್ರೂ.”

೧೬ ಜೂನ್, ಭಾನುವಾರ.
ಕೂಟ ಮುಗಿಯಿತು. ಹೇಳಿದ್ದು ಇಷ್ಟು: ಸಂಯಮ ದೊಡ್ಡದೇ. ಆದರೆ ಹುಡುಗಿ ಗೆಳತಿಯ ಮನೆಗೆ ಹೋಗದಿರಲೆಂದು ಸೈಕಲ್ಲಿನ ಬೀಗದ ಕೈಯನ್ನು ಅವನು ನದಿಗೆ ಎಸೆಯುತ್ತಾನೆ. ಕಾದಂಬರಿ ಅದನ್ನೂ ಸಂಯಮದ ಲೆಕ್ಕಕ್ಕೇ ಸೇರಿಸುತ್ತದೆ. ವ್ರತ ಅವನದು, ಉಪವಾಸ ಅವಳದು.
ಮುಂದಿನ ಸಾಲಿನಿಂದ ಅತ್ತಿಗೆ ಎದ್ದರು. “ಏನೇ ಅನ್ನು, ಅವನು ಕೇಳಿದ್ದು ಮದ್ವೇನೇ ತಾನೆ?” ಚಪ್ಪಾಳೆ. ಹಿಂದಿನ ಸಾಲಿನಿಂದ ಎಲ್ಲರಿಗಿಂತ ಜೋರಾಗಿ ಚಿನ್ಮಯ್. ಬರುತ್ತೇನೆಂದು ಹೇಳಿರಲಿಲ್ಲ.
ಪುಸ್ತಕ ಮರಳಿಸಿದರು. “ಹೀರೋ ಬಹಳ ಇಷ್ಟ ಆದ.” ಲೋಕಲ್‌ನಲ್ಲಿ ತೆರೆದು ನೋಡಿದೆ. ಬೀಗದ ಕೈ ಎಸೆಯುವ ಪುಟದ ಅಂಚಿನಲ್ಲಿ: ‘ವೆರಿ ಕೇರಿಂಗ್.’
ಪೆನ್ನಿನಲ್ಲಿ. ಲೈಬ್ರರಿ ಪುಸ್ತಕ.

೨೨ ಜೂನ್, ಶನಿವಾರ. ಸಂಜೆ.
ಐದು ದಿನ ಏನೂ ಬರೆಯಲಿಲ್ಲ. ಪೆನ್ನಿನ ಗುರುತು ಹೋಗುವುದಿಲ್ಲ. ರಬ್ಬರು, ನಿಂಬೆರಸ ಎರಡೂ ಆಯಿತು.

ತೀರ್ಮಾನಿಸಿದ್ದೇನೆ. ನಾಳೆ ಅದೇ ಹೋಟೆಲು. ಅವರಿಗಿಂತ ಮೊದಲು ನಾನೇ ವೇಟರನ್ನು ಕರೆಯುತ್ತೇನೆ. ಎರಡು ಕಾಫಿ. ಎರಡೂ ನನಗೇ. ಮೊದಲನೆಯದು ಮುಗಿದ ಮೇಲೆ ‘ಈ ಮದುವೆ ಆಗುವುದಿಲ್ಲ’ ಎನ್ನುತ್ತೇನೆ; ಅವರು ಕಾರಣ ಕೇಳುತ್ತಿರುವಾಗ ಎರಡನೆಯದು ಬೇಕಾಗುತ್ತದೆ. ಲೊಕೇಶನ್ ಅವರೆದುರಿಗೇ ಆಫ್ ಮಾಡುತ್ತೇನೆ. ಅತ್ತಿಗೆಗೆ ಮನೆಗೆ ಬಂದ ಮೇಲೆ ಹೇಳುತ್ತೇನೆ.

ಅತ್ತಿಗೆ ಒಳಗಿನಿಂದ ಕೂಗುತ್ತಿದ್ದಾರೆ, ನಾಳೆಗೆ ಯಾವ ಸೀರೆ ಇಸ್ತ್ರಿಗೆ ಕೊಡಲಿ ಎಂದು. ಯಾವುದಾದರೂ ಸರಿ. ಕಾಫಿ ಚೆಲ್ಲಿದರೂ ಕಲೆ ಕಾಣದಂಥದ್ದು.