ಸತ್ತವಳನ್ನು ಎಬ್ಬಿಸಿದ್ದು

ನವೆಂಬರ್ ೧೫, ಶನಿವಾರ

ಇವತ್ತು ಗುರುತಿಲ್ಲದ ಹೆಂಗಸೊಬ್ಬಳ ತೊಡೆ ಚಿವುಟಿ ಬಂದೆ. ಈ ವಯಸ್ಸಿನಲ್ಲಿ!

ಇಲ್ಲಿನ ಸೀತಾಬರ್ಡಿ ಪೇಟೆಯಲ್ಲಿ ಮರಾಠಿ ಸಂಗೀತ ನಾಟಕವಿತ್ತು. ಇವರು ತೀರಿಕೊಂಡ ಮೇಲೆ ನಾಟಕಕ್ಕೆ ಒಬ್ಬಳೇ ಹೋದದ್ದು ಇದೇ ಮೊದಲು. ಕೊನೆಯಲ್ಲಿ ನಾಯಕಿ ಹಾಡುತ್ತಲೇ ಗಂಡನ ತೋಳಿನಲ್ಲಿ ಪ್ರಾಣ ಬಿಟ್ಟಳು. ಸುತ್ತಲಿನವರೆಲ್ಲ ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ, ನಾನು ಕಾಯುತ್ತಿದ್ದೆ. ಹುಬ್ಬಳ್ಳಿಯ ಕಂಪನಿ ನಾಟಕಗಳಲ್ಲಿ ಸರಿಯಾಗಿ ಇಂಥ ಹೊತ್ತಿಗೇ ಇವರು ಎದ್ದು ನಿಂತು, "ಒನ್ಸ್ ಮೋರ್!" ಎಂದು ಕೂಗುತ್ತಿದ್ದರು. ಸತ್ತವಳು ಎದ್ದು ಕೂತು ಮತ್ತೆ ಹಾಡಬೇಕು! ನಾಚಿಕೆಯಾಗಿ ನಾನು ಇವರ ತೊಡೆ ಚಿವುಟಿದರೆ, "ಇಷ್ಟ ಚಲೋ ಹಾಡಾಕಿನ್ನ ಇಷ್ಟ ಜಲ್ದಿ ಸಾಯಾಕ ಬಿಡೂದೇನ?" ಅನ್ನುತ್ತಿದ್ದರು.

ಇವತ್ತು ಯಾರೂ ಕೂಗಲಿಲ್ಲ. ಪರದೆ ಇಳಿಯತೊಡಗಿತು. ತಡೆಯಲಾಗದೆ ನಾನೇ ಕೂಗಿಬಿಟ್ಟೆ. ಕೂಗಿದ್ದೇ ತಡ, ಕೈ ತಾನಾಗಿ ಪಕ್ಕದ ಸೀಟಿಗೆ ಹೋಗಿ ಚಿವುಟಿತು.

"ಕಾಯ್ ಝಾಲಂ?" ಏನಾಯಿತೆಂದು ಆ ಹೆಂಗಸು ಬೆಚ್ಚಿಬಿದ್ದಳು.

"ಕುಛ್ ನಹೀ, ಆದತ್ ಹೈ," ಏನಿಲ್ಲ, ಅಭ್ಯಾಸ, ಎಂದೆ. ಅವಳು ನನ್ನ ಮುಖ ನೋಡಿ, ತೊಡೆ ಉಜ್ಜಿಕೊಳ್ಳುತ್ತ ವೇದಿಕೆಯತ್ತ ತಿರುಗಿದಳು.

ಪರದೆ ಮತ್ತೆ ಮೇಲೇರಿತು. ಹಾರ್ಮೋನಿಯಂನವನು ನಗುತ್ತ ಸ್ವರ ಹಿಡಿದ. ನಾಯಕಿ ಎದ್ದು ಕೂತು, ಇಡೀ ಹಾಡನ್ನು ಮತ್ತೆ ಹಾಡಿ, ಮತ್ತೆ ಸತ್ತಳು.

ಆಗ ಅಳು ಬಂತು.